ರಹಸ್ಯ ಕಂಟ್ರೋಲ್: ಬ್ರೆವೆ ಸವಾರರು ಮಾಡಿಕೊಳ್ಳಬೇಕಾದ ಸಿದ್ಧತೆ

ಬ್ರೆವೆಗೆ, ಅಂದರೆ ನಿಗದಿತ ದಾರಿಯಲ್ಲಿ ನಿಗದಿತ ವೇಳೆಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟವರಿಗೆ ಆಯೋಜಕರು ಕಳುಹಿಸುವ ಮಾರ್ಗಪಟ್ಟಿಯಲ್ಲಿ ಪ್ರತಿಯೊಂದು ಕಂಟ್ರೋಲ್‌ನ, ಅಂದರೆ ಸವಾರರ ಕಾರ್ಡಿಗೆ ಮುದ್ರೆ ಬೀಳುವ ತಪಾಸಣೆಯ ಜಾಗದ, ಹೆಸರು, ಆರಂಭದಿಂದ ಅದಕ್ಕಿರುವ ದೂರ, ಅದು ತೆರೆಯುವ ಮತ್ತು ಮುಚ್ಚುವ ವೇಳೆ ಎಲ್ಲವೂ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದಿದ್ದರೂ ನಿಯಮಾವಳಿ ಸ್ಪಷ್ಟವಾಗಿ ಒಪ್ಪುವ ಇನ್ನೊಂದು ಬಗೆಯ ಕಂಟ್ರೋಲ್ ಇದೆ. ಸವಾರರಿಗೆ ಮುಂಚಿತವಾಗಿ ತಿಳಿಸದೆ ದಾರಿಯ ನಡುವೆ ಎಲ್ಲಿ ಬೇಕಾದರೂ ಇಡಬಹುದಾದ ಇದನ್ನು ರಹಸ್ಯ ಕಂಟ್ರೋಲ್ ಎನ್ನುತ್ತಾರೆ. ಸವಾರರ ಬಾಯಲ್ಲಿ ಅದು ‘ಸೀಕ್ರೆಟ್ ಕಂಟ್ರೋಲ್’. ಮೊದಲ ಸಲ 300 ಅಥವಾ 400 ಕಿಲೋಮೀಟರ್‌ಗೆ ಇಳಿಯುವವರಲ್ಲಿ ಇದರ ಬಗ್ಗೆ ಅನಗತ್ಯವಾದ ಭಯವಿರುತ್ತದೆ, ಹಳಬರಲ್ಲಿ ಕೆಲವೊಮ್ಮೆ ಅಷ್ಟೇ ಅನಗತ್ಯವಾದ ಉಡಾಫೆ ಇರುತ್ತದೆ. ಬೇಕೆಂದೇ ದಾರಿ ಕಡಿತ ಮಾಡುವವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ. ಪ್ರಾಮಾಣಿಕವಾಗಿ ತುಳಿಯುತ್ತಿದ್ದರೂ ಊಟಕ್ಕೆಂದು ಬೇರೆ ರಸ್ತೆ ಹಿಡಿದು, ಮುಂದಿನವರ ಚಕ್ರವನ್ನೇ ನೋಡಿಕೊಂಡು ಹೋಗಿ, ಅಥವಾ ಮೊಬೈಲ್ ತೋರಿಸಿದ ಹೊಸ ದಾರಿಯನ್ನು ನಂಬಿ ಇಂಥ ಕಂಟ್ರೋಲ್ ತಪ್ಪಿಸಿಕೊಳ್ಳುವವರನ್ನು ಗಮನದಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಏಕೆ ಇಡುತ್ತಾರೆ

ಬ್ರೆವೆ ಸ್ಪರ್ಧೆಯಲ್ಲ. ಯಾರು ಮೊದಲು ಬಂದರು ಎಂಬ ಪಟ್ಟಿ ಇರುವುದಿಲ್ಲ. ನಿಗದಿತ ದಾರಿಯಲ್ಲಿ, ನಿಗದಿತ ವೇಳೆಯೊಳಗೆ, ಹೊರಗಿನ ಸಹಾಯವಿಲ್ಲದೆ ಮುಗಿಸಿದರೆ ಸಾಕು. 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40, 1000ಕ್ಕೆ 75 ಗಂಟೆ. ಈ ಪದ್ಧತಿಯನ್ನು ಜಗತ್ತಿನಾದ್ಯಂತ ನೋಡಿಕೊಳ್ಳುವ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್, ಅಂದರೆ ಎಸಿಪಿ, ಹುಟ್ಟಿದ್ದು 1904ರಲ್ಲಿ. ಅದೇ ವರ್ಷ ನಡೆದ ಎರಡನೆಯ ಟೂರ್ ಡಿ ಫ್ರಾನ್ಸ್‌ನಲ್ಲಿ ರೈಲು, ಮೋಟಾರು ವಾಹನಗಳ ನೆರವು ಪಡೆದರೆಂಬ ದೂರುಗಳ ನಂತರ ಮೊದಲ ನಾಲ್ಕು ಸ್ಥಾನ ಪಡೆದವರನ್ನೂ ಅನರ್ಹಗೊಳಿಸಲಾಯಿತು. ಅವರಲ್ಲಿ ಮೊದಲನೆಯವನಾದ ಮೋರಿಸ್ ಗಾರಾ 1901ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಗೆದ್ದಿದ್ದವನು. ರಾತ್ರಿಯಿಡೀ ಸಾಗುವ, ನೂರಾರು ಕಿಲೋಮೀಟರ್ ಉದ್ದದ ದಾರಿಯನ್ನು ಯಾರೂ ಪೂರ್ತಿ ಕಾಯಲಾರರು ಎಂಬುದು ಆಗಿನಿಂದಲೇ ಗೊತ್ತಿದ್ದ ವಿಷಯ. ಎಲ್ಲಿ ತಪಾಸಣೆ ಇದೆ ಎಂಬುದು ತಿಳಿದಿದ್ದರೆ ಆ ಎರಡು ಬಿಂದುಗಳ ನಡುವೆ ಏನು ಮಾಡಿದರೂ ನಡೆಯುತ್ತದೆ. ತಿಳಿಯದಿದ್ದರೆ ಇಡೀ ದಾರಿಯೇ ತಪಾಸಣೆಯ ಜಾಗವಾಗುತ್ತದೆ. ರಹಸ್ಯ ಕಂಟ್ರೋಲ್‌ನ ಲೆಕ್ಕಾಚಾರ ಇಷ್ಟೇ.

ದಾರಿಯನ್ನು ಸವಾರನೇ ಆರಿಸಿಕೊಳ್ಳುವ ಬೇರೆ ಬಗೆಯ ಕೂಟಗಳಿವೆ. 2013ರಲ್ಲಿ ಆರಂಭವಾದ ಯುರೋಪಿನ ಟ್ರಾನ್ಸ್‌ಕಾಂಟಿನೆಂಟಲ್ ರೇಸ್‌ನಲ್ಲಿ ಕೆಲವು ಕಡ್ಡಾಯ ಚೆಕ್‌ಪಾಯಿಂಟ್‌ಗಳನ್ನು ಮುಟ್ಟಿದರೆ ಉಳಿದ ದಾರಿ ಬಹುಮಟ್ಟಿಗೆ ಸವಾರನದೇ, ಆದ್ದರಿಂದ ಅಲ್ಲಿ ಉಪಗ್ರಹ ಟ್ರ್ಯಾಕರ್ ನೋಡಿಕೊಂಡರೆ ಸಾಕಾಗುತ್ತದೆ. ಬ್ರೆವೆಯಲ್ಲಿ ಹಾಗಿಲ್ಲ. ಇಲ್ಲಿ ಆಯೋಜಕರು ಕೊಟ್ಟ ದಾರಿಯೇ ಸವಾರಿ, ಅದಕ್ಕಿಂತ ಉದ್ದವಾದ ಬೇರೆ ದಾರಿಯಲ್ಲಿ ಬಂದೆ ಎಂದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ಹಂತ: ನಕ್ಷೆಯನ್ನು ಆಯೋಜಕರ ಕಣ್ಣಿನಿಂದ ಓದುವುದು

ಸವಾರಿಗೆ ನಾಲ್ಕೈದು ದಿನ ಮುಂಚೆ ಜಿಪಿಎಕ್ಸ್ ಫೈಲ್ (ಜಿಪಿಎಸ್ ಸಾಧನಕ್ಕೆ ಹಾಕಿಕೊಳ್ಳುವ ದಾರಿಯ ನಕ್ಷೆ) ಮತ್ತು ಕ್ಯೂ ಶೀಟ್ (ತಿರುವುಗಳನ್ನು ಕ್ರಮವಾಗಿ ಬರೆದ ಪಟ್ಟಿ) ಕೈಗೆ ಬಂದಾಗ ಬಹಳಷ್ಟು ಜನ ನೋಡುವುದು ಎರಡನ್ನೇ: ಒಟ್ಟು ಏರು ಎಷ್ಟು, ಹೋಟೆಲ್‌ಗಳು ಎಲ್ಲಿವೆ. ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಈ ದಾರಿಯನ್ನು ಯಾರಾದರೂ ಮೊಟಕುಗೊಳಿಸಬೇಕೆಂದಿದ್ದರೆ ಎಲ್ಲಿ ಮೊಟಕುಗೊಳಿಸಬಹುದು? ಉತ್ತರವಾಗಿ ಸಿಗುವ ಎರಡು ಮೂರು ಜಾಗಗಳಲ್ಲೇ ರಹಸ್ಯ ಕಂಟ್ರೋಲ್ ಇರುವ ಸಂಭವ ಹೆಚ್ಚು, ಹಾಗೂ ಅಮಾಯಕರು ದಾರಿ ತಪ್ಪುವುದು ಕೂಡ ಹೆಚ್ಚಾಗಿ ಅಲ್ಲೇ.

ಒಂದು ಕಾಲ್ಪನಿಕ ದಾರಿಯನ್ನು ಎತ್ತಿಕೊಳ್ಳೋಣ. ಬೆಂಗಳೂರಿನಿಂದ ಹೊರಟು ಮಂಡ್ಯ, ಪಾಂಡವಪುರ ಹಾದು ಜಕ್ಕನಹಳ್ಳಿಗೆ ಬಂದು, ಅಲ್ಲಿಂದ ಬೆಟ್ಟ ಹತ್ತಿ ಮೇಲುಕೋಟೆ ಮುಟ್ಟಿ, ಅದೇ ರಸ್ತೆಯಲ್ಲಿ ಜಕ್ಕನಹಳ್ಳಿಗೆ ಇಳಿದು ನಾಗಮಂಗಲದ ಕಡೆ ತಿರುಗುವ ದಾರಿ ಎಂದಿಟ್ಟುಕೊಳ್ಳಿ. ಘೋಷಿತ ಕಂಟ್ರೋಲ್‌ಗಳು ಪಾಂಡವಪುರ ಮತ್ತು ನಾಗಮಂಗಲ. ಈಗ ಜಕ್ಕನಹಳ್ಳಿಯಲ್ಲಿ ನೇರವಾಗಿ ಹೋದವನಿಗೂ ಬೆಟ್ಟ ಹತ್ತಿ ಇಳಿದವನಿಗೂ ಕಾರ್ಡಿನಲ್ಲಿ ಒಂದೇ ಮುದ್ರೆ ಬೀಳುತ್ತದೆ. ಆಯೋಜಕರಿಗೆ ಇದು ತಿಳಿಯದ ಸಂಗತಿಯಲ್ಲ, ಆದ್ದರಿಂದ ಮೇಲುಕೋಟೆಯ ಕಲ್ಯಾಣಿಯ ಹತ್ತಿರವೋ ಊರ ಬಾಗಿಲಲ್ಲೋ ಒಬ್ಬ ಸ್ವಯಂಸೇವಕ ಕುರ್ಚಿ ಹಾಕಿಕೊಂಡು ಕೂತಿದ್ದರೆ ಆಶ್ಚರ್ಯಪಡಬೇಕಿಲ್ಲ. ಹೋಗಿ ಬರುವ ದಾರಿಯ ತುದಿ, ಹೆದ್ದಾರಿಗೆ ಸಮಾನಾಂತರವಾಗಿ ಹಳ್ಳಿಗಳ ಒಳಗೆ ಸಾಗುವ ಹಳೆಯ ರಸ್ತೆ, ದೊಡ್ಡ ಸುತ್ತಿನ ಅತ್ಯಂತ ದೂರದ ಮೂಲೆ, ಏರು ತಪ್ಪಿಸುವ ಬೈಪಾಸ್‌ನ ಆರಂಭ: ಇವು ನಾಲ್ಕು ಸಾಮಾನ್ಯ ಮಾದರಿಗಳು.

ಇಂಥ ಜಾಗಗಳನ್ನು ಗುರುತು ಮಾಡಿಕೊಳ್ಳುವುದು ಕಂಟ್ರೋಲ್‌ನ ಜಾಗವನ್ನು ಊಹಿಸುವ ಆಟಕ್ಕಲ್ಲ. ನಿದ್ದೆಗಣ್ಣಿನಲ್ಲಿ ಜಕ್ಕನಹಳ್ಳಿಗೆ ಬಂದಾಗ ಬಲಕ್ಕೋ ಎಡಕ್ಕೋ ನೇರಕ್ಕೋ ಎಂದು ಯೋಚಿಸುವ ಶಕ್ತಿ ಉಳಿದಿರುವುದಿಲ್ಲ. ಮನೆಯಲ್ಲಿ ಕೂತು ಒಮ್ಮೆ ನೋಡಿಟ್ಟುಕೊಂಡ ತಿರುವು ಆಗ ನೆನಪಿಗೆ ಬರುತ್ತದೆ. ಕ್ಯೂ ಶೀಟಿನಲ್ಲಿ ಅಂಥ ತಿರುವುಗಳ ಮುಂದೆ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟುಕೊಳ್ಳಿ.

ಮೈಸೂರು ರಸ್ತೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಮೋಟಾರು ಇಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಿದೆ, ಹಾಗಾಗಿ ಸೈಕಲ್ ಹೋಗಬೇಕಾದದ್ದು ಸರ್ವಿಸ್ ರಸ್ತೆಯಲ್ಲೇ. ಸರ್ವಿಸ್ ರಸ್ತೆಯಲ್ಲಿ ಊರು, ಹಂಪು, ಜನಸಂದಣಿ ಎಲ್ಲವೂ ಇರುವುದರಿಂದ ಮೇಲಿನ ನುಣುಪು ರಸ್ತೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆ ಆಸೆಗೆ ಬಿದ್ದವರು ಬ್ರೆವೆಯ ನಿಯಮವನ್ನೂ ಸಂಚಾರ ನಿಯಮವನ್ನೂ ಒಟ್ಟಿಗೆ ಮುರಿದಂತಾಗುತ್ತದೆ.

ಎರಡನೆಯ ಹಂತ: ಕಾರ್ಡು ಎಲ್ಲಿರಬೇಕು

ಬ್ರೆವೆ ಕಾರ್ಡು ಮಡಚಿದ ದಪ್ಪ ಕಾಗದ. ಹೊರಮೈಯಲ್ಲಿ ಸವಾರನ ಹೆಸರು, ಕೂಟದ ದೂರ, ದಿನಾಂಕ. ಒಳಗೆ ಕಂಟ್ರೋಲ್‌ಗಳ ಚೌಕಗಳು, ಪ್ರತಿ ಚೌಕದಲ್ಲೂ ಮುದ್ರೆ ಅಥವಾ ಸಹಿಗೆ ಒಂದು ಜಾಗ, ತಲುಪಿದ ವೇಳೆ ಬರೆಯಲು ಇನ್ನೊಂದು. ಹೆಸರಿಲ್ಲದ ಒಂದೆರಡು ಖಾಲಿ ಚೌಕ ಕಂಡರೆ ಅವು ರಹಸ್ಯ ಕಂಟ್ರೋಲ್‌ಗಾಗಿ ಬಿಟ್ಟಿರಬಹುದಾದವು. ಖಾಲಿ ಚೌಕ ಇದ್ದ ಮಾತ್ರಕ್ಕೆ ಕಂಟ್ರೋಲ್ ಇದ್ದೇ ಇರುತ್ತದೆ ಎಂದೂ ಇಲ್ಲ, ಚೌಕ ಇಲ್ಲದಿದ್ದರೆ ಕಂಟ್ರೋಲ್ ಇಲ್ಲವೆಂದೂ ಅಲ್ಲ. ಸ್ವಯಂಸೇವಕರು ಅಂಚಿನಲ್ಲೋ ಹಿಂಬದಿಯಲ್ಲೋ ಮುದ್ರೆ ಒತ್ತಬಹುದು.

ಘೋಷಿತ ಕಂಟ್ರೋಲ್‌ನಲ್ಲಿ ಸವಾರ ಹೇಗೂ ಸೈಕಲ್ ಒರಗಿಸಿ, ಚಹಾ ಹೇಳಿ, ಚೀಲ ಬಿಚ್ಚುತ್ತಾನೆ. ರಹಸ್ಯ ಕಂಟ್ರೋಲ್‌ನಲ್ಲಿ ಆ ವಿರಾಮ ಇರುವುದಿಲ್ಲ. ಕಾರ್ಡನ್ನು ಸೀಟಿನ ಹಿಂದಿನ ಚೀಲದ ಅಡಿಯಲ್ಲಿ, ಬಿಡಿ ಟ್ಯೂಬು ಮತ್ತು ಮಳೆಯಂಗಿಯ ಕೆಳಗೆ ತುರುಕಿಟ್ಟವರು ಕತ್ತಲಲ್ಲಿ ಅಷ್ಟನ್ನೂ ರಸ್ತೆಬದಿಗೆ ಸುರಿದು ಹುಡುಕಬೇಕಾಗುತ್ತದೆ, ಮತ್ತೆ ತುಂಬುವಾಗ ಏನೋ ಒಂದು ಅಲ್ಲೇ ಉಳಿದುಹೋಗುತ್ತದೆ. ಜರ್ಸಿಯ ಬೆನ್ನಿನ ಮೂರು ಜೇಬುಗಳಲ್ಲಿ ಒಂದನ್ನು ಕಾರ್ಡಿಗೆಂದೇ ಮೀಸಲಿಡುವುದು ಒಳ್ಳೆಯದು, ಆದರೆ ಬರಿಯ ಕಾಗದವಾಗಿ ಇಡಬೇಡಿ. ಬೆವರಿಗೆ ಶಾಯಿ ಹರಡಿ ವೇಳೆಯ ಅಂಕಿ ಓದಲಾಗದಂತಾಗುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದೇ ಚೀಲದಲ್ಲಿ ಒಂದು ಬಾಲ್ ಪೆನ್ ಇರಲಿ. ಜೆಲ್ ಪೆನ್ ಬೇಡ, ಒದ್ದೆ ಕೈಗೆ ಅದು ಹರಡುತ್ತದೆ. ಹ್ಯಾಂಡಲ್‌ಬಾರ್‌ನ ಚೀಲ ಇದ್ದವರು ಅದರ ಮೇಲಿನ ಪಾರದರ್ಶಕ ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಗಾಳಿಗೆ ಹಾರದಂತೆ ಜಿಪ್ ಮುಚ್ಚಿರಬೇಕು, ಅಷ್ಟೇ.

ಪೆನ್ ಏಕೆಂದರೆ, ಪ್ರತಿ ರಹಸ್ಯ ಕಂಟ್ರೋಲ್‌ನಲ್ಲೂ ಮನುಷ್ಯ ಇರುತ್ತಾನೆಂಬ ಖಾತ್ರಿಯಿಲ್ಲ. ಕೆಲವು ಆಯೋಜಕರು ದಾರಿಯಲ್ಲಿ ಕಾಣುವ ಯಾವುದಾದರೂ ಸಂಗತಿಯ ಬಗ್ಗೆ ಕಾರ್ಡಿನಲ್ಲೇ ಒಂದು ಪ್ರಶ್ನೆ ಅಚ್ಚು ಹಾಕಿಸುತ್ತಾರೆ: ಇಂಥ ಊರಿನ ಹಾಲಿನ ಡೇರಿಯ ಗೋಡೆಯ ಬಣ್ಣ ಯಾವುದು, ಮೈಲಿಗಲ್ಲಿನ ಮೇಲೆ ಬರೆದ ಅಂಕಿ ಎಷ್ಟು ಎಂಬ ಬಗೆಯವು. ಉತ್ತರವನ್ನು ಕಂಡ ಕೂಡಲೇ ಬರೆಯಿರಿ. ಮುಂದೆ ಹೋಗಿ ನೆನಪು ಮಾಡಿಕೊಳ್ಳುತ್ತೇನೆಂದರೆ 250 ಕಿಲೋಮೀಟರ್ ತುಳಿದ ತಲೆಗೆ ಅದು ಆಗದ ಕೆಲಸ. ಹೋಟೆಲ್ ಬಿಲ್ ಅಥವಾ ಎಟಿಎಂ ಚೀಟಿಯನ್ನು ಸಾಕ್ಷಿಯಾಗಿ ಕೇಳುವ ಕಂಟ್ರೋಲ್‌ಗಳಿದ್ದರೆ ಆ ಚೀಟಿಗಳೂ ಅದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಎಟಿಎಂ ಚೀಟಿಯ ಅಕ್ಷರ ಶಾಖಕ್ಕೆ ಮಾಸುತ್ತದೆಯಾದ್ದರಿಂದ ಮೊಬೈಲ್‌ನಲ್ಲಿ ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಮೂರನೆಯ ಹಂತ: ಕಿಲೋಮೀಟರ್‌ಗೆ ನಾಲ್ಕು ನಿಮಿಷ

ಹೊಸಬರು ಕೇಳುವ ಮುಖ್ಯ ಪ್ರಶ್ನೆ ಇದು: ಎಲ್ಲಿದೆ ಎಂದೇ ಗೊತ್ತಿಲ್ಲದ ಕಂಟ್ರೋಲ್ ಯಾವಾಗ ಮುಚ್ಚುತ್ತದೆ ಎಂದು ತಿಳಿಯುವುದು ಹೇಗೆ? ತಿಳಿಯಬಹುದು. ಎಸಿಪಿಯ ವೇಳಾಪಟ್ಟಿ ದೂರದ ಮೇಲೆ ನಿಂತಿರುವ ಲೆಕ್ಕ, ಆದ್ದರಿಂದ ದಾರಿಯ ಯಾವ ಬಿಂದುವಿಗೂ ಅದನ್ನು ಅನ್ವಯಿಸಬಹುದು. ಮೊದಲ 60 ಕಿಲೋಮೀಟರ್ ಒಳಗಿನ ಯಾವುದೇ ಜಾಗಕ್ಕೆ ಗಂಟೆಗೆ 20 ಕಿಲೋಮೀಟರ್ ಲೆಕ್ಕ ಹಾಕಿ ಒಂದು ಗಂಟೆ ಸೇರಿಸಬೇಕು. ಅಲ್ಲಿಂದ 600 ಕಿಲೋಮೀಟರ್‌ವರೆಗೆ ಗಂಟೆಗೆ 15 ಕಿಲೋಮೀಟರ್, ಅಂದರೆ ಕಿಲೋಮೀಟರ್‌ಗೆ ಸರಿಯಾಗಿ ನಾಲ್ಕು ನಿಮಿಷ. 600ರಿಂದ 1000ದವರೆಗೆ ಗಂಟೆಗೆ 11.428 ಕಿಲೋಮೀಟರ್.

ಬೆಳಿಗ್ಗೆ 6 ಗಂಟೆಗೆ ಹೊರಟಿದ್ದೀರಿ ಎನ್ನಿ. 47ನೇ ಕಿಲೋಮೀಟರ್‌ನಲ್ಲಿ ರಹಸ್ಯ ಕಂಟ್ರೋಲ್ ಇದ್ದರೆ ಅದು 3 ಗಂಟೆ 21 ನಿಮಿಷಕ್ಕೆ, ಅಂದರೆ 9.21ಕ್ಕೆ ಮುಚ್ಚುತ್ತದೆ. 137ನೇ ಕಿಲೋಮೀಟರ್‌ನಲ್ಲಿ ಇದ್ದರೆ 137ನ್ನು ನಾಲ್ಕರಿಂದ ಗುಣಿಸಿ, 548 ನಿಮಿಷ, ಅಂದರೆ 9 ಗಂಟೆ 8 ನಿಮಿಷ. ಗಡಿಯಾರದಲ್ಲಿ ಮಧ್ಯಾಹ್ನ 3.08. 312ನೇ ಕಿಲೋಮೀಟರ್‌ಗೆ ಮರುದಿನ ಬೆಳಗಿನ ಜಾವ 2.48. ಇಷ್ಟು ಗುಣಾಕಾರ ಮಾಡುವಷ್ಟು ಎಚ್ಚರ ಇರದಿದ್ದರೆ ಒಂದು ಚೀಟಿಯಲ್ಲಿ 100ಕ್ಕೆ 12.40, 150ಕ್ಕೆ ಸಂಜೆ 4, 200ಕ್ಕೆ ರಾತ್ರಿ 7.20 (200ರ ಬ್ರೆವೆಯ ಕೊನೆಯ ಗಡುವು ಮಾತ್ರ 7.30), 250ಕ್ಕೆ 10.40, 300ಕ್ಕೆ ಬೆಳಗಿನ ಜಾವ 2 ಎಂದು ಬರೆದು ಟಾಪ್ ಟ್ಯೂಬ್ (ಸೈಕಲ್ ಚೌಕಟ್ಟಿನ ಮೇಲಿನ ಕೊಳವೆ) ಮೇಲೆ ಅಂಟಿಸಿಕೊಳ್ಳಿ. ಎಲ್ಲ ಕಡೆಯೂ ಈ ಗೆರೆಗಿಂತ ಅರ್ಧ ಗಂಟೆಯಾದರೂ ಮುಂದಿದ್ದರೆ ಯಾವ ರಹಸ್ಯ ಕಂಟ್ರೋಲ್‌ನ ವೇಳೆಯ ಬಗ್ಗೆಯೂ ಚಿಂತಿಸಬೇಕಿಲ್ಲ. ದೀರ್ಘ ನಿದ್ದೆಯ ಯೋಜನೆ ಇರುವ 600 ಕಿಲೋಮೀಟರ್ ಸವಾರರು ಮಾತ್ರ ಇನ್ನೂ ಎಚ್ಚರವಾಗಿರಬೇಕು: ಘೋಷಿತ ಕಂಟ್ರೋಲ್‌ನಲ್ಲಿ ಮುದ್ರೆ ಒತ್ತಿಸಿಕೊಂಡು, ಮುಂದಿನದಕ್ಕೆ ಬೇಕಾದಷ್ಟು ಸಮಯವಿದೆ ಎಂದು ಗೆರೆಯ ತುದಿಯವರೆಗೂ ಮಲಗಿದರೆ ನಡುವಿನ ಕಂಟ್ರೋಲ್‌ಗೆ ತಡವಾಗುತ್ತದೆ.

ವೇಗದವರಿಗೂ ಒಂದು ಗಡಿಯಿದೆ. 200 ಕಿಲೋಮೀಟರ್‌ವರೆಗೆ ತೆರೆಯುವ ವೇಳೆಯನ್ನು ಗಂಟೆಗೆ 34 ಕಿಲೋಮೀಟರ್‌ನಂತೆ ಲೆಕ್ಕ ಹಾಕುತ್ತಾರೆ, ಅದರ ನಂತರ 400ರವರೆಗೆ 32, 600ರವರೆಗೆ 30. ಮೇಲಿನ 137ನೇ ಕಿಲೋಮೀಟರ್‌ನ ಕಂಟ್ರೋಲ್ ತೆರೆಯುವುದು ಬೆಳಿಗ್ಗೆ 10.02ಕ್ಕೆ. ಅದಕ್ಕಿಂತ ಮುಂಚೆ ಬಂದವರು ಕಾಯಬೇಕು. ನಮ್ಮ ರಸ್ತೆಗಳಲ್ಲಿ, ನಮ್ಮ ಬಿಸಿಲಿನಲ್ಲಿ ಈ ಸಮಸ್ಯೆ ಎದುರಾಗುವವರು ತೀರ ಕಡಿಮೆ.

ನಾಲ್ಕನೆಯ ಹಂತ: ದಾರಿ ಬಿಟ್ಟರೆ ಬಿಟ್ಟಲ್ಲಿಗೇ ಮರಳುವುದು

ಈ ಒಂದು ಅಭ್ಯಾಸ ಗಟ್ಟಿಯಾಗಿದ್ದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ದಾರಿ ಬಿಟ್ಟು ಹೋಗುವುದು ತಪ್ಪಲ್ಲ. ಊಟಕ್ಕೆ, ಪಂಕ್ಚರ್ ಅಂಗಡಿಗೆ, ಔಷಧದ ಅಂಗಡಿಗೆ, ಶೌಚಾಲಯಕ್ಕೆ ಎಷ್ಟು ದೂರ ಬೇಕಾದರೂ ಹೋಗಬಹುದು. ಆದರೆ ಎಲ್ಲಿ ಬಿಟ್ಟಿರೋ ಅದೇ ಜಾಗಕ್ಕೆ ಮರಳಿ, ಅಲ್ಲಿಂದಲೇ ಮುಂದುವರಿಯಬೇಕು. ಊರಿನೊಳಗೆ ಊಟ ಮುಗಿಸಿ, ಊರಿನ ಇನ್ನೊಂದು ಬಾಗಿಲಿನಿಂದ ಹೊರಬಿದ್ದು ಎರಡು ಕಿಲೋಮೀಟರ್ ಮುಂದೆ ದಾರಿಯನ್ನು ಕೂಡಿಕೊಳ್ಳುವುದು ಸಹಜವೆನಿಸುತ್ತದೆ. ಒಟ್ಟು ದೂರ ಹೆಚ್ಚೇ ಆಗಿರಬಹುದು. ಆದರೂ ಬಿಟ್ಟುಹೋದ ಆ ಎರಡು ಕಿಲೋಮೀಟರ್‌ನಲ್ಲೇ ಸ್ವಯಂಸೇವಕ ನಿಂತಿದ್ದರೆ ನಿಮ್ಮ ಕಾರ್ಡಿನಲ್ಲಿ ಒಂದು ಮುದ್ರೆ ಕಡಿಮೆಯಾಗುತ್ತದೆ, ಮತ್ತು ಆ ಕೊರತೆಗೆ ಊಟದ ಬಿಲ್ ಉತ್ತರವಾಗುವುದಿಲ್ಲ.

ಇದರಲ್ಲಿ ಜಿಪಿಎಸ್‌ನ ಪಾತ್ರ ದೊಡ್ಡದು. ಗಾರ್ಮಿನ್‌ನಂಥ ಸಾಧನಗಳಲ್ಲಿ ದಾರಿ ತಪ್ಪಿದಾಗ ಹೊಸ ದಾರಿಯನ್ನು ತಾನೇ ಲೆಕ್ಕ ಹಾಕುವ ಸೌಲಭ್ಯ ಇರುತ್ತದೆ. ಹೊರಡುವ ಮುಂಚೆಯೇ ಅದನ್ನು ಬಂದ್ ಮಾಡಿ. ಅದು ಚಾಲೂ ಇದ್ದರೆ ಸಾಧನ ನಿಮ್ಮನ್ನು ಬಿಟ್ಟ ಜಾಗಕ್ಕೆ ಕರೆದೊಯ್ಯುವ ಬದಲು ಎಲ್ಲೋ ಮುಂದೆ ಕೂಡಿಕೊಳ್ಳುವ ಹತ್ತಿರದ ರಸ್ತೆಯನ್ನು ತೋರಿಸಬಹುದು, ಸುಸ್ತಾದ ಸವಾರ ಪ್ರಶ್ನಿಸದೆ ಅದನ್ನೇ ಹಿಡಿಯುತ್ತಾನೆ. ಮೊಬೈಲ್‌ನ ಗೂಗಲ್ ಮ್ಯಾಪ್ಸ್‌ನಲ್ಲಿ ಮುಂದಿನ ಕಂಟ್ರೋಲ್‌ನ ಹೆಸರು ಹಾಕಿಕೊಂಡು ಹೋಗುವ ಅಭ್ಯಾಸ ಇನ್ನೂ ಅಪಾಯಕಾರಿ, ಏಕೆಂದರೆ ಅದಕ್ಕೆ ಬ್ರೆವೆಯ ದಾರಿ ಯಾವುದೆಂದೇ ತಿಳಿಯದು. ಅದು ತೋರಿಸುವುದು ತನ್ನ ಲೆಕ್ಕದ ಒಳ್ಳೆಯ ರಸ್ತೆಯನ್ನು. ಆಯೋಜಕರು ಕೊಟ್ಟ ಫೈಲನ್ನೇ ಹಾಕಿಕೊಳ್ಳಿ, ಜೊತೆಗೆ ಅಚ್ಚಾದ ಕ್ಯೂ ಶೀಟ್ ಇರಲಿ, ಬ್ಯಾಟರಿ ಸತ್ತಾಗ ಕಾಗದವೇ ಗತಿ. ಫೈಲ್ ಬದಲಾಯಿಸಿದ್ದೇವೆಂದು ಹಿಂದಿನ ದಿನ ಸಂದೇಶ ಬಂದರೆ ಹಳೆಯದನ್ನು ಸಾಧನದಿಂದ ಅಳಿಸಿಬಿಡಿ. ಎರಡೂ ಇದ್ದರೆ ನಡುರಾತ್ರಿ ಹಳೆಯದೇ ತೆರೆದುಕೊಳ್ಳುವ ಸಂಭವ ಇದ್ದೇ ಇರುತ್ತದೆ.

ಗುಂಪಿನಲ್ಲಿ ಹೋಗುವವರು ಇನ್ನೊಂದು ಬಗೆಯಲ್ಲಿ ದಾರಿ ತಪ್ಪುತ್ತಾರೆ. ಹತ್ತು ಜನರ ಸಾಲಿನಲ್ಲಿ ಮುಂದಿನವನೊಬ್ಬ ತಿರುವು ಬಿಟ್ಟರೆ ಒಂಬತ್ತು ಜನ ಕುರಿಮಂದೆಯಂತೆ ಅವನ ಹಿಂದೆಯೇ ಸಾಗುತ್ತಾರೆ. ನಿಮ್ಮ ದಾರಿ ನಿಮ್ಮ ಜವಾಬ್ದಾರಿ. ತಿರುವು ತಪ್ಪಿತೆನಿಸಿದರೆ ಕೂಗಿ ಹೇಳಿ, ಅವರು ನಿಲ್ಲದಿದ್ದರೂ ನೀವು ನಿಂತು ನೋಡಿ.

ಐದನೆಯ ಹಂತ: ಕಂಟ್ರೋಲ್ ಎದುರಾದಾಗ

ರಸ್ತೆಬದಿಯಲ್ಲಿ ಒಂದು ಸ್ಕೂಟರ್ ಅಥವಾ ಕಾರು, ಎರಡು ಪ್ಲಾಸ್ಟಿಕ್ ಕುರ್ಚಿ, ಹಣೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡ ಒಬ್ಬರು, ಮಡಿಲಲ್ಲಿ ಹೆಸರುಗಳ ಪಟ್ಟಿ, ಮುದ್ರೆಯ ಪ್ಯಾಡ್: ಬಹುತೇಕ ರಹಸ್ಯ ಕಂಟ್ರೋಲ್ ಎಂದರೆ ಇಷ್ಟೇ. ಕೈ ಬೀಸುವವರನ್ನು ಕಂಡು ಸವಾರರು ಹುರಿದುಂಬಿಸಲು ನಿಂತವರೆಂದು ತಿಳಿದು ಕೈ ಬೀಸಿಕೊಂಡೇ ಮುಂದೆ ಹೋಗಿಬಿಡುವುದುಂಟು. ಬ್ರೆವೆಯ ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ನಿಧಾನಿಸಿ ವಿಚಾರಿಸಿ. ಆದರೆ ಹಠಾತ್ ಬ್ರೇಕ್ ಹಾಕಬೇಡಿ. ಹಿಂದಿನವರಿಗೆ ಕೈ ಸನ್ನೆ ಮಾಡಿ, ಎಡಕ್ಕೆ ಬಂದು, ಡಾಂಬರಿನಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಸ್ವಯಂಸೇವಕರು ಎದುರು ಬದಿಯಲ್ಲಿದ್ದರೆ ರಸ್ತೆ ದಾಟುವ ಮುಂಚೆ ಎರಡೂ ಕಡೆ ನೋಡಿ, ಸೈಕಲ್ ತಳ್ಳಿಕೊಂಡು ದಾಟಿ.

ನಿಮ್ಮ ಹೆಸರು ಅಥವಾ ಸವಾರ ಸಂಖ್ಯೆ ಹೇಳಿ, ಕಾರ್ಡು ಕೊಡಿ, ಬರೆದ ವೇಳೆಯನ್ನು ನಿಮ್ಮ ಗಡಿಯಾರದೊಂದಿಗೆ ಹೋಲಿಸಿ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಬೇಕು, ಮರುದಿನ ವಾದಿಸಿ ಪ್ರಯೋಜನವಿಲ್ಲ. ಅವರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಗುರುತು ಬಿತ್ತೇ ಎಂಬುದನ್ನೂ ವಿಚಾರಿಸಿ. ಕಾರ್ಡು ಮತ್ತು ಪಟ್ಟಿ ಎರಡೂ ಹೊಂದಬೇಕು. ಹಿಂದೆ ಉಳಿದ ಗೆಳೆಯನ ಪರವಾಗಿ ನೀವು ಮುದ್ರೆ ಹಾಕಿಸಿಕೊಳ್ಳುವಂತಿಲ್ಲ, ಅವನ ಕಾರ್ಡು ನಿಮ್ಮ ಜೇಬಿನಲ್ಲಿ ಇರಲೇಬಾರದು. ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜೇಬಿನ ಜಿಪ್ ಎಳೆದದ್ದನ್ನು ಕೈಯಿಂದ ಮುಟ್ಟಿ ನೋಡಿಯೇ ಹೊರಡಿ, ಏಕೆಂದರೆ ಕಾರ್ಡು ಕಳೆದುಕೊಂಡರೂ ಅನರ್ಹತೆಯೇ.

ರಾತ್ರಿಯ ರಹಸ್ಯ ಕಂಟ್ರೋಲ್‌ನಲ್ಲಿ ಮುದ್ರೆಯ ಜೊತೆಗೆ ಬೆಳಕಿನ ತಪಾಸಣೆಯೂ ನಡೆಯಬಹುದು. ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು, ಪ್ರತಿಫಲಿಸುವ ವೆಸ್ಟ್ ಮೈಮೇಲಿರಬೇಕು. ಚೀಲದೊಳಗಿದೆ ಎಂದರೆ ನಡೆಯುವುದಿಲ್ಲ. ಘೋಷಿತ ಕಂಟ್ರೋಲ್ ಹತ್ತಿರ ಬಂದಾಗ ಮಾತ್ರ ವೆಸ್ಟ್ ಹಾಕಿಕೊಳ್ಳುವವರೂ ಇದ್ದಾರೆ, ಲಾರಿ ಚಾಲಕರಿಗೆ ಕಾಣಿಸಬೇಕಾದ್ದು ಉಳಿದ 80 ಕಿಲೋಮೀಟರ್‌ಗಳಲ್ಲಿ ಎಂಬುದನ್ನು ಮರೆತು. ಅಂಥವರನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸುವುದು ಒಳ್ಳೆಯದೇ ಎನ್ನುವುದು ನನ್ನ ಅಭಿಪ್ರಾಯ. ಹಾಗೆಯೇ ಹಿಂಬಾಲಿಸುವ ವಾಹನದ ವಿಷಯ. ಮನೆಯವರು ಕಾರಿನಲ್ಲಿ ಬಂದು ನೀರು, ಊಟ ಕೊಡುವುದಿದ್ದರೆ ಅದು ಘೋಷಿತ ಕಂಟ್ರೋಲ್‌ಗಳಲ್ಲಿ ಮಾತ್ರ; ನಡುವೆ ಕಾರು ಹಿಂದೆ ಹಿಂದೆಯೇ ಬರುತ್ತಿದ್ದರೆ ಅದೂ ಅನರ್ಹತೆಗೆ ಕಾರಣ. ಪ್ರೀತಿಯಿಂದ ಬಂದವರಿಗೆ ಈ ನಿಯಮವನ್ನು ಹಿಂದಿನ ದಿನವೇ ಬಿಡಿಸಿ ಹೇಳಿರಬೇಕು.

ತಪ್ಪಿಹೋದರೆ

ಕಂಟ್ರೋಲ್ ದಾಟಿ ಬಂದಿದ್ದೇನೆಂದು ಇನ್ನೊಬ್ಬ ಸವಾರನಿಂದ ತಿಳಿದರೆ ಮೊದಲು ನಿಂತು ಲೆಕ್ಕ ಹಾಕಿ. ಹಿಂದಕ್ಕೆ ಹೋಗಿ ಬರಲು ಸಮಯವಿದೆಯೇ? ಆರೇಳು ಕಿಲೋಮೀಟರ್ ಆಗಿದ್ದರೆ, ಕಂಟ್ರೋಲ್ ಇನ್ನೂ ತೆರೆದಿದ್ದರೆ, ಹಿಂದಿರುಗುವುದೇ ಸರಿ. ದೂರ ಹೆಚ್ಚಿದ್ದರೆ ಕ್ಯೂ ಶೀಟಿನಲ್ಲಿರುವ ಆಯೋಜಕರ ಸಂಖ್ಯೆಗೆ ಕರೆ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿ. ಅಪಘಾತದಲ್ಲಿ ಸಿಲುಕಿದವರಿಗೆ ನೆರವಾಗಲು ನಿಂತದ್ದು, ರಸ್ತೆಯನ್ನೇ ಮುಚ್ಚಿದ್ದು ಇಂಥ ಅನಿರೀಕ್ಷಿತ ಕಾರಣಗಳಿಂದ ತಡವಾದರೆ ಆಯೋಜಕರು ಪರಿಗಣಿಸಬಹುದು. ಸುಸ್ತು, ಹಸಿವು, ಸರಿಯಾಗಿ ನೋಡಿಕೊಳ್ಳದ ಸೈಕಲ್ ಆ ಪಟ್ಟಿಗೆ ಸೇರುವುದಿಲ್ಲ. ಪೊಲೀಸರು ರಸ್ತೆ ಬದಲಿಸಿ ಕಳುಹಿಸಿದರೆ ಆ ತಡೆಯ ಒಂದು ಫೋಟೊ ತೆಗೆದು, ಕೂಡಲೇ ಆಯೋಜಕರಿಗೆ ಕಳುಹಿಸಿ, ಬದಲಿ ದಾರಿ ಯಾವುದೆಂದು ಕೇಳಿಕೊಂಡೇ ಮುಂದುವರಿಯಿರಿ. ನಿಮ್ಮ ಸಾಧನದಲ್ಲಿ ದಾಖಲಾದ ಟ್ರ್ಯಾಕ್ ಪೂರಕ ಸಾಕ್ಷ್ಯವಾಗಿ ಉಪಯೋಗಕ್ಕೆ ಬರಬಹುದು. ಅದನ್ನು ಕಾರ್ಡಿಗೆ ಬದಲಿ ಎಂದು ತಿಳಿದು ನಿಶ್ಚಿಂತರಾಗಬೇಡಿ, ತೀರ್ಮಾನ ಆಯೋಜಕರದು.

ಪ್ಯಾರಿಸ್‌ಗೆ ಹೋಗುವವರಿಗೆ

ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಕರ್ನಾಟಕದಿಂದಲೂ ಸವಾರರು ಹೋಗುತ್ತಾರೆ. 2023ರ ನಂತರದ ಸರದಿ 2027ರದು. ಸುಮಾರು 1200 ಕಿಲೋಮೀಟರ್‌ಗೆ ಹೆಚ್ಚೆಂದರೆ 90 ಗಂಟೆ. ಫುಜೇರ್, ಲೂದೆಯಾಕ್, ಕಾರೆ, ಬ್ರೆಸ್ಟ್ ಮುಂತಾದ ಊರುಗಳ ಘೋಷಿತ ಕಂಟ್ರೋಲ್‌ಗಳ ನಡುವೆ ಅಲ್ಲಿಯೂ ರಹಸ್ಯ ಕಂಟ್ರೋಲ್ ಇಡುತ್ತಾರೆ. ಸಾವಿರಾರು ಸವಾರರು ಹಾದುಹೋಗುವುದರಿಂದ ಇಲ್ಲಿನ ಎರಡು ಕುರ್ಚಿಯ ಏರ್ಪಾಡು ಅಲ್ಲಿ ಸಾಲದು. ಎಲ್ಲರ ಜೊತೆ ಒಳಕ್ಕೆ ತಿರುಗಿ, ಮುದ್ರೆ ಒತ್ತಿಸಿಕೊಂಡು ಹೊರಬನ್ನಿ. ಫಲಕದಲ್ಲಿ ‘ಕೋಂತ್ರೋಲ್ ಸೆಕ್ರೆ’ ಎಂಬ ಫ್ರೆಂಚ್ ಬರಹ ಕಂಡರೆ ಅದೇ. ಬಲಬದಿಯ ಸಂಚಾರವಾದ್ದರಿಂದ ನಿಲ್ಲಬೇಕಾದದ್ದು ಬಲಕ್ಕೆ, ಎರಡನೆಯ ರಾತ್ರಿಯ ಮಂಪರಿನಲ್ಲಿ ಇದು ಮರೆತುಹೋಗುತ್ತದೆ.

ಕಂಟ್ರೋಲ್ ನಡೆಸುವ ಸ್ವಯಂಸೇವಕರಿಗೆ

ವರ್ಷಕ್ಕೆ ಒಂದು ಬಾರಿಯಾದರೂ ಈ ಬದಿಯಲ್ಲಿ ಕೂರುವುದು ಪ್ರತಿ ಸವಾರನೂ ಮಾಡಬೇಕಾದ ಕೆಲಸ ಎಂದು ನಂಬಿದ್ದೇನೆ, ಆದ್ದರಿಂದ ಅದರ ಬಗ್ಗೆಯೂ ಸ್ವಲ್ಪ ಬರೆಯುತ್ತೇನೆ. ಜಾಗ ಆರಿಸುವಾಗ ಮೊದಲ ಪ್ರಶ್ನೆ ಸುರಕ್ಷತೆಯದು, ಎರಡನೆಯದು ಮಾತ್ರ ತಪಾಸಣೆಯದು. ಇಳಿಜಾರಿನ ಕೊನೆಯಲ್ಲಿ, ಘಾಟಿಯ ತಿರುವಿನಲ್ಲಿ, ಸೇತುವೆಯ ಮೇಲೆ ಎಂದಿಗೂ ನಿಲ್ಲಿಸಬೇಡಿ. ಸವಾರನ ವೇಗ ತಾನಾಗಿ ಇಳಿಯುವ ಸಣ್ಣ ಏರಿನ ಮೇಲ್ಭಾಗ ಅಥವಾ ಮಟ್ಟಸವಾದ ನೇರ ರಸ್ತೆ, ಪಕ್ಕದಲ್ಲಿ ಹತ್ತು ಸೈಕಲ್ ನಿಲ್ಲುವಷ್ಟು ಅಗಲದ ಮಣ್ಣಿನ ಜಾಗ, ನೂರು ಮೀಟರ್ ದೂರದಿಂದಲೇ ಕಾಣುವ ಬೆಳಕು ಇರಲಿ. ಜಾಗ ರಹಸ್ಯವಾಗಿರಬೇಕು, ಹತ್ತಿರ ಬಂದ ಮೇಲೆ ನೀವು ಅಡಗಿರಬೇಕಿಲ್ಲ. ಮರದ ಮರೆಯಿಂದ ಹಠಾತ್ತನೆ ರಸ್ತೆಗೆ ಹಾರುವ ಸ್ವಯಂಸೇವಕ ಸವಾರನನ್ನು ಬೀಳಿಸುತ್ತಾನೆ.

ಊರಿನ ಅಂಚಿನಲ್ಲಿ ಕೂರುವುದಿದ್ದರೆ ಅಲ್ಲಿನ ಅಂಗಡಿಯವರಿಗೆ, ರಾತ್ರಿಯಾದರೆ ಗಸ್ತಿನ ಪೊಲೀಸರಿಗೆ, ಏನು ನಡೆಯುತ್ತಿದೆ ಎಂದು ಮೊದಲೇ ಹೇಳಿಬಿಡಿ. ನಡುರಾತ್ರಿ ಹೆಲ್ಮೆಟ್ ಹಾಕಿಕೊಂಡವರು ಒಬ್ಬೊಬ್ಬರಾಗಿ ಬಂದು ಚೀಟಿ ಕೊಟ್ಟು ಹೋಗುವುದನ್ನು ಕಂಡು ಯಾರಿಗಾದರೂ ಅನುಮಾನ ಬರುವುದು ಸಹಜವೇ. ಒಬ್ಬರೇ ಕೂರಬೇಡಿ.

ಗಡಿಯಾರವನ್ನು ಮೊಬೈಲ್ ವೇಳೆಗೆ ಹೊಂದಿಸಿಕೊಂಡು, ಪ್ರತಿ ಸವಾರನ ಸಂಖ್ಯೆಯ ಮುಂದೆ ಗಂಟೆ ಮತ್ತು ನಿಮಿಷ ಬರೆಯಿರಿ. ಕಾರ್ಡಿನ ಮುದ್ರೆಗಿಂತ ಮುಂಚೆ ಪಟ್ಟಿಯ ಗುರುತು ಹಾಕುವ ಕ್ರಮ ಇಟ್ಟುಕೊಂಡರೆ ಎಂಟು ಜನ ಒಟ್ಟಿಗೆ ಬಂದಾಗಲೂ ಒಂದು ಹೆಸರು ತಪ್ಪುವುದಿಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ಯಾರನ್ನೂ ತಡೆಯಬೇಡಿ. ಒಂದು ದೊಡ್ಡ ನೀರಿನ ಕ್ಯಾನ್ ಇದ್ದರೆ ಮಾತ್ರ ಬಹಳ ಜನ ತಾವಾಗಿಯೇ ಎರಡು ನಿಮಿಷ ನಿಲ್ಲುತ್ತಾರೆ. ನೀರು ಎಲ್ಲರಿಗೂ ಸಮನಾಗಿ ಸಿಗಬೇಕು, ಗೆಳೆಯನೆಂದು ಒಬ್ಬನಿಗೆ ಮಾತ್ರ ಬಿರಿಯಾನಿ ಪೊಟ್ಟಣ ತಂದಿಡುವಂತಿಲ್ಲ. ಯಾರಾದರೂ ತೊದಲುತ್ತಿದ್ದರೆ, ಸೈಕಲ್ ಇಳಿಯುವಾಗಲೇ ವಾಲುತ್ತಿದ್ದರೆ, ಕೂರಿಸಿ ಮಾತಾಡಿಸಿ, ಆಯೋಜಕರಿಗೆ ತಿಳಿಸಿ. ಮುಂದಿನ ಘೋಷಿತ ಕಂಟ್ರೋಲ್ 40 ಕಿಲೋಮೀಟರ್ ದೂರವಿರುವಾಗ ಅವನನ್ನು ಎಚ್ಚರದಲ್ಲಿರುವ ಮನುಷ್ಯ ನೋಡುವುದು ಇಲ್ಲಿ ಮಾತ್ರ.

ಹಾದುಹೋದವರು ಹಿಂದೆ ಬರುವವರಿಗೆ ಸಂದೇಶ ಕಳುಹಿಸಿ ಜಾಗ ಬಯಲು ಮಾಡುತ್ತಾರೆಂಬ ದೂರು ಹಳೆಯದು. ಅದನ್ನು ತಡೆಯಲು ಹೆಣಗಬೇಕಿಲ್ಲ: ದಾರಿ ಬಿಟ್ಟಿದ್ದವನು ಸಂದೇಶ ನೋಡಿ ದಾರಿಗೆ ಮರಳಿದರೂ ಕಂಟ್ರೋಲ್ ತನ್ನ ಕೆಲಸ ಮಾಡಿದಂತೆಯೇ. ಮುಚ್ಚುವ ವೇಳೆಯವರೆಗೆ ಕಾದು, ಬಾರದವರ ಸಂಖ್ಯೆಗಳನ್ನು ಆಯೋಜಕರಿಗೆ ಕರೆ ಮಾಡಿ ಓದಿ ಹೇಳಿ. ಅವರಲ್ಲಿ ಕೆಲವರು ಹಿಂದೆಯೇ ಡಿಎನ್‌ಎಫ್, ಅಂದರೆ ಸವಾರಿ ಮುಗಿಸುತ್ತಿಲ್ಲ, ಎಂದು ತಿಳಿಸಿ ಬಸ್ ಹತ್ತಿರಬಹುದು, ಕೆಲವರು ಎಲ್ಲೋ ಪಂಕ್ಚರ್ ಹಾಕಿಕೊಳ್ಳುತ್ತಿರಬಹುದು. ಪ್ರತಿಯೊಬ್ಬರ ಬಗ್ಗೆಯೂ ಇಂತಿಂಥಲ್ಲಿದ್ದಾರೆ ಎಂಬ ಉತ್ತರ ಸಿಕ್ಕ ಮೇಲೆಯೇ ಕುರ್ಚಿ ಮಡಚಿ, ಪಟ್ಟಿಯ ಪ್ರತಿ ಪುಟದ ಫೋಟೊ ತೆಗೆದು ಕಳುಹಿಸಿ, ಮೂಲ ಪಟ್ಟಿಯನ್ನು ಫಲಿತಾಂಶ ಸಿದ್ಧಪಡಿಸುವವರ ಕೈಗೆ ತಲುಪಿಸಿ.